ಇಲ್ಲ ಅನ್ನಲಾಗದ ಮಂತ್ರಿ

ಪಡುವಣ ಗಾಳಿ ಇಳಿದು ಒಳಗಡಲು ತಿಳಿಯಾಗಿತ್ತು. ಗಂಡಸರು ತೆಂಗಿನ ಮರದ ತುದಿಯಲ್ಲಿ ಕೂತು ಹಾಡುತ್ತ ನೀರಾ ಇಳಿಸುತ್ತಿದ್ದರು. ಹೆಂಗಸರು ಅಂಗಳದಲ್ಲಿ ಕೇದಗೆಯ ಎಲೆ ಹರವುತ್ತಿದ್ದರು. ಅಂಥ ಬೆಳಗ್ಗೆ ಮೀನುಗಾರಿಕೆ ಮಂತ್ರಿ ಅಂತೆರಿಯಾ ಹೆಂಡತಿಯ ಜೊತೆ ರಾಜಧಾನಿ ತರಾವಾದಿಂದ ದೂರದ ದ್ವೀಪದ ಹುಟ್ಟೂರಿಗೆ ಬಂದಿಳಿದ. ಹೊಸ ಅಂಗಿ ತೊಟ್ಟು ಬಂದದ್ದೇ ತಪ್ಪಾಯಿತು.

ಮೂರು ಸಲ ಚುನಾವಣೆ ಗೆದ್ದವನಿಗೆ ಈ ಸಲ ದೋಣಿ ಕಟ್ಟುವ ಬುರಾಂಗೆ ಎಂಬವನು ಎದುರು ನಿಂತಿದ್ದ. ಜನ ಬುರಾಂಗೆಯ ಕಡೆ ವಾಲಿದ್ದರು. ಸೋತರೆ ಅಂತೆರಿಯಾನ ಮಂತ್ರಿಗಿರಿಯೂ ಹೋಗುತ್ತಿತ್ತು, ತರಾವಾದ ಮನೆಯೂ ಹೋಗುತ್ತಿತ್ತು. ಹೆಸರು ಕೊಡಲು, ಹಿಂತೆಗೆಯಲು ಅಂದು ಸಂಜೆಯೇ ಕೊನೆ.

ವಿಮಾನದ ಬಯಲು ದಾಟುವ ಮೊದಲೇ ಸೋದರತ್ತೆ ಅಡ್ಡಬಂದಳು.

"ಬಂದ್ಯಾ ಮಗಾ? ಬುಬುಸಿ. ಆ ಛತ್ರಿ ಕೊಡು."

ನೆಂಟರು ಬುಬುಸಿ ಎಂದು ಬಾಯಿಬಿಟ್ಟು ಕೇಳಿದ ಮೇಲೆ ಆ ದ್ವೀಪದಲ್ಲಿ ಇಲ್ಲ ಅನ್ನುವ ಹಾಗಿಲ್ಲ. ಅಂದವನು ಮತ್ತೆ ತಲೆಯೆತ್ತಿ ತಿರುಗುವ ಹಾಗಿಲ್ಲ. ಛತ್ರಿ ಹೋಯಿತು. ಚಿಕ್ಕಪ್ಪ ಗಡಿಯಾರ ಕೇಳಿದ, ಭಾವಮೈದುನ ಊರಲ್ಲಿಟ್ಟಿದ್ದ ಮೋಟಾರು ಬೈಕು ಕೇಳಿದ. ಅಜ್ಜಿಯೊಬ್ಬಳು ಅಂಗಿಯ ತೋಳು ಹಿಡಿದು, "ಬಣ್ಣ ಚೆನ್ನಾಗಿದೆ ಕಣೋ, ನಿಮ್ಮ ಅಜ್ಜನಿಗೆ ಒಪ್ಪುತ್ತೆ," ಎಂದಳು.

"ಅಜ್ಜೀ, ನಾನು ಮಂತ್ರಿ!"

"ಅದಕ್ಕೇ ಕೇಳ್ತಿರೋದು. ಬಡವರನ್ನ ಕೇಳೋಕಾಗುತ್ತಾ?"

ಹೊತ್ತು ನೆತ್ತಿಗೇರುವಷ್ಟರಲ್ಲಿ ಮಂತ್ರಿ ಸುಲಿದ ತೆಂಗಿನಕಾಯಿಯ ಹಾಗಾಗಿದ್ದ. ಮೈಮೇಲೆ ಉಳಿದದ್ದು ಲುಂಗಿಯೊಂದೇ. ಬರಿಗಾಲಲ್ಲಿ ಬಿಸಿ ಮರಳು ತುಳಿಯುತ್ತಿರುವಾಗಲೇ ಅವನಿಗೆ ಆ ಉಪಾಯ ಹೊಳೆದದ್ದು. ಎಲ್ಲರೂ ನನ್ನನ್ನು ಕೇಳುತ್ತಾರೆ, ನಾನೇಕೆ ಕೇಳಬಾರದು?

ಊರಿನ ದೊಡ್ಡ ಚಾವಡಿಯಲ್ಲಿ ಹಿರಿಯರು ಚಾಪೆಯ ಮೇಲೆ ಕೂತಿದ್ದರು. ಚುನಾವಣೆಯ ಗುಮಾಸ್ತನೂ ಇದ್ದ, ಬುರಾಂಗೆಯೂ ಇದ್ದ. ಅಂತೆರಿಯಾ ನಡುವೆ ನಿಂತು ವಂಶಾವಳಿ ಬಿಚ್ಚಿದ. ಬುರಾಂಗೆಯ ಮುತ್ತಜ್ಜಿಯನ್ನು ತನ್ನ ಮುತ್ತಜ್ಜ ಸಾಕುಮಗಳಾಗಿ ತಂದಿದ್ದ ಎಂಬಲ್ಲಿಗೆ ಮುಟ್ಟಿಸಿದ. ಹಿರಿಯರು ಬೆರಳು ಮಡಿಸಿ ಎಣಿಸಿ, "ಹೌದು, ನೆಂಟರೇ," ಎಂದು ತಲೆದೂಗಿದರು.

"ಹಾಗಾದ್ರೆ ಬುಬುಸಿ, ತಮ್ಮಾ. ನೀನು ಚುನಾವಣೆಗೆ ನಿಲ್ಲಬೇಡ."

ಬುರಾಂಗೆ ಗಡ್ಡ ಕೆರೆದುಕೊಂಡ.

"ಕೇಳಿದ ಮೇಲೆ ಇನ್ನೇನಿದೆ, ಅಣ್ಣಾ? ಗುಮಾಸ್ತರೇ, ನನ್ನ ಹೆಸರು ಹೊಡೆದುಹಾಕಿ."

ಅಂತೆರಿಯಾನ ಮುಖ ಹುಣ್ಣಿಮೆಯಾಯಿತು.

"ಅಲ್ಲಿ ನನ್ನ ಹೆಂಡತಿ ಹೆಸರು ಬರ್ಕೊಳ್ಳಿ," ಎಂದ ಬುರಾಂಗೆ. "ಅಣ್ಣ ಬೇಡ ಅಂದಿದ್ದು ನನ್ನನ್ನ, ಅವಳನ್ನಲ್ಲ."

"ಬರ್ಕೊಳ್ಳಲಿ ಬಿಡು," ಅಂತೆರಿಯಾ ನಕ್ಕ. "ನಾಲ್ಕು ಜನರ ಮುಂದೆ ಬಾಯೇ ಬಿಡದವಳು. ಹೇಗೆ ಓಟು ಕೇಳ್ತಾಳೆ?"

"ಅದೇ ನನಗೂ ಚಿಂತೆ. ಇಷ್ಟು ವರ್ಷ ನಾವು ನೆಂಟರು ಅಂತ ಗೊತ್ತಿರ್ಲಿಲ್ಲ, ಅದಕ್ಕೆ ನಿನ್ನ ಹತ್ರ ಏನೂ ಕೇಳಿರ್ಲಿಲ್ಲ. ಈಗ ಗೊತ್ತಾಯ್ತಲ್ಲ. ಬುಬುಸಿ, ಅಣ್ಣಾ."

"ಏನು ಕೇಳ್ತೀಯೋ? ಈ ಲುಂಗಿ ಬಿಟ್ರೆ ನನ್ನ ಹತ್ರ ಏನಿದೆ?"

"ನಾಲಿಗೆ ಇದೆಯಲ್ಲ. ಚುನಾವಣೆ ಮುಗಿಯೋವರೆಗೂ ಅದನ್ನ ನನ್ನ ಹೆಂಡತಿಗೆ ಕೊಡು. ಊರೂರಿಗೂ ಹೋಗಿ ಅವಳ ಪರವಾಗಿ ನೀನೇ ಮಾತಾಡು. ಇವತ್ತು ಇಲ್ಲಿಂದಲೇ ಶುರುವಾಗ್ಲಿ."

ಹಿರಿಯರೆಲ್ಲ ಅಂತೆರಿಯಾನ ಮುಖವನ್ನೇ ನೋಡಿದರು. ಅವನು ಲುಂಗಿ ಬಿಗಿದು ಕಟ್ಟಿಕೊಂಡು ಹೂಂ ಎಂದ.

ಸಂಜೆ ಚಾವಡಿ ತುಂಬಿತು. ಅಂತೆರಿಯಾ ಎದ್ದುನಿಂತು ಅಳುಕುತ್ತಲೇ ಶುರುಮಾಡಿದ. ಆದರೆ ಹನ್ನೆರಡು ವರ್ಷ ಪಳಗಿದ ನಾಲಿಗೆ, ಯಾರ ಪರವಾಗಿ ಎಂಬುದನ್ನು ಮರೆತು ತನ್ನಷ್ಟಕ್ಕೆ ಹರಿಯಿತು. ಆ ಹೆಣ್ಣುಮಗಳ ಒಳ್ಳೆಯತನ ಕೇಳಿ ಜನ ಕಣ್ಣೊರೆಸಿಕೊಂಡರು, ತೊಡೆ ತಟ್ಟಿ ಕುಣಿದರು.

ಮುಗಿಸಿ ಕೂತಾಗ ಪಕ್ಕದಲ್ಲಿದ್ದ ಅವನ ಸ್ವಂತ ಹೆಂಡತಿ ಮೂಗೊರೆಸಿಕೊಳ್ಳುತ್ತ ಪಿಸುಗುಟ್ಟಿದಳು:

"ಎಷ್ಟು ಚೆನ್ನಾಗಿ ಹೇಳಿದ್ರಿ! ಬೇಜಾರು ಮಾಡ್ಕೋಬೇಡಿ, ನನ್ನ ಓಟೂ ಅವಳಿಗೇ."