ಡಸ್ಟರು ಹಿಡಿದ ಸೋದರಮಾವ

ನಮ್ಮ ಸೋದರಮಾವ ಕೊಲೆಗಾರ ಎಂದು ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಓಣಿಗೆಲ್ಲ ಸಾರಿದ್ದೆ. ಸುಳ್ಳೇನಲ್ಲ! ಅವರು ಒಂದು ಕೋಳಿ, ಒಂದು ಮಂಗ ಮತ್ತು ಒಬ್ಬ ದಪ್ಪ ಪೈಲ್ವಾನನನ್ನು ಹಾಡಹಗಲೇ ಮುಗಿಸಿದ್ದರು. ಆಯುಧ, ಡಸ್ಟರು.

ಎಪ್ಪತ್ತರ ದಶಕದ ಮಾತು. ಯಲಬುರ್ಗಾ ಕಡೆಯ ನಮ್ಮ ಹಳ್ಳಿಯ ಶಾಲೆಗೆ ಮಾವ ಮಾಸ್ತರು. ಬಾಗಿಲ ಹೊರಗಿನ ಗೋಡೆಯ ಕರಿಹಲಗೆಯಲ್ಲಿ ಬೇರೆ ಶಾಲೆಯವರು ಸುಭಾಷಿತ ಬರೆದರೆ ನಮ್ಮ ಮಾವ ಪ್ರತಿ ಸೋಮವಾರ ಚಿತ್ರಕಥೆ ಬರೆಯುತ್ತಿದ್ದರು. ಅದರ ನಾಯಕ ತಿಪ್ಪಣ್ಣ ಸಮುದ್ರ ನೋಡಲು ಹೊರಟವನು. ಐದು ವರ್ಷವಾದರೂ ಪುಣ್ಯಾತ್ಮ ಕುಷ್ಟಗಿ ದಾಟಿರಲಿಲ್ಲ! ಅವನೇನೋ ಹಾಗೇ ಇದ್ದ. ಕೋಳಿ, ಮಂಗ, ಪೈಲ್ವಾನರಂಥ ಜೊತೆಗಾರರನ್ನು ಮಾತ್ರ ಮಾವ ಆರು ತಿಂಗಳಿಗೊಮ್ಮೆ ಅಳಿಸಿ ಬದಲಾಯಿಸುತ್ತಿದ್ದರು.

ಪೈಲ್ವಾನ ಮಾಯವಾದಾಗ, ಅವನ ಹೊಟ್ಟೆ ಹೆಡ್‌ಮಾಸ್ತರರ ಹೊಟ್ಟೆಯಂತಿತ್ತು, ಅದಕ್ಕೇ ಅಳಿಸಿದರು ಎಂದು ಊರು ಆಡಿಕೊಂಡಿತು. ಹೆಡ್‌ಮಾಸ್ತರರೇ ಬಂದು, ಪಾಪ, ಅವನನ್ನು ವಾಪಸು ತರಬಾರದೇ ಎಂದು ಶಿಫಾರಸು ಮಾಡಿದರಂತೆ.

ಕೋಳಿ ಹೋದಾಗ ನಾನು ಉಣ್ಣಲಿಲ್ಲ. ಮಾವ ಗಂಭೀರವಾಗಿ ಹೇಳಿದರು: "ಅದಕ್ಕ ಕಾರಟಗಿಗೆ ವರ್ಗ ಆಗೈತಿ. ಅಲ್ಲಿ ಅಕ್ಕಿ ಗಿರಣಿ ಭಾಳ ಅದಾವ, ಹೊಟ್ಟಿಗಿ ಚಿಂತಿಲ್ಲ." ನಾನು ನಂಬಿದೆ. ಮುಂದಿನ ವಾರ ಕಾರಟಗಿಯಿಂದ ಬಂದ ಬೀಗರು ಊಟಕ್ಕೆ ಕೂತಾಗ, ನಮ್ಮ ಕೋಳಿ ಹೇಗಿದೆ ಎಂದು ವಿಚಾರಿಸಿದೆ. ಅವರು ಶುದ್ಧ ಶಾಕಾಹಾರಿಗಳು. ಅರ್ಧ ಊಟಕ್ಕೇ ಕೈ ತೊಳೆದರು!

ಆಮೇಲೆ ಬಂತು ನೋಡಿ, ಒಂದೇ ಕೊಂಬಿನ ಎಮ್ಮೆ. ಕತೆಯಲ್ಲಿ ಅದಕ್ಕೇನು ಕೆಲಸ? ಬರೀ ಮೆಲುಕು ಹಾಕುವುದು. ಇಂಥ ದಂಡಪಿಂಡವನ್ನು ಯಾಕೆ ತಂದಿರಿ ಎಂದು ನಾನು ಜಗಳಕ್ಕೇ ನಿಂತೆ. ಮಾವ ಕಿಟಕಿಯ ಹೊರಗೆ ತೋರಿಸಿದರು.

ಹಲಗೆಯ ಮುಂದೆ ದೇವಕ್ಕ ನಿಂತಿದ್ದಳು. ಕೂಲಿಯವರ ಮಗಳು. ತಂದೆ ಶಾಲೆಗೆ ತಂದು ಬಿಟ್ಟಾಗಲೆಲ್ಲ ಅಳುತ್ತ ಮನೆಯ ಎಮ್ಮೆಯ ಹತ್ತಿರ ಓಡಿಹೋಗುತ್ತಿದ್ದಳು. ಇನ್ನೊಂದು ಸಲ ಓಡಿದರೆ ಶಾಲೆ ಬಿಡಿಸಿ ಹೊಲಕ್ಕೆ ಹಚ್ಚುವುದಾಗಿ ತಂದೆ ಹೇಳಿಹೋಗಿದ್ದ. ಆ ಎಮ್ಮೆಗೂ ಒಂದೇ ಕೊಂಬು.

"ತಿಪ್ಪಣ್ಣ ಕಥಿ ನಡಸ್ತಾನ," ಅಂದರು ಮಾವ. "ಜೊತಿಗಿದ್ದವರು ಅಳೋ ಹುಡುಗರನ್ನ ಒಳಗ ಕರಕೊಂಡು ಬರ್ತಾರ. ಬಂದ ಮ್ಯಾಲ ಅವರ ಕೆಲಸ ಮುಗೀತು."

 

ದೇವಕ್ಕ ಮೊದಲ ವಾರ ಹಲಗೆಯ ಮುಂದೆ ನಿಂತಳು, ಎರಡನೇ ವಾರ ಹೊಸ್ತಿಲ ಮೇಲೆ ಕೂತಳು. ಎಮ್ಮೆಗೆ ಮೇವಿಲ್ಲವೆಂದು ಅವಳು ದೂರು ಕೊಟ್ಟಾಗ ಮಾವ ಹಲಗೆಯ ಮೂಲೆಯಲ್ಲಿ ಒಂದು ಬಣವೆ ಬರೆದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಒಳಗೆ ಕೂತು ಮಗ್ಗಿ ಒದರುತ್ತಿದ್ದಳು. ಆದರೂ ದಿನಾ ಬಂದವಳೇ ಎಮ್ಮೆಯನ್ನು ಮಾತಾಡಿಸದೆ ಒಳಗೆ ಕಾಲಿಡುತ್ತಿರಲಿಲ್ಲ. ಆರು ತಿಂಗಳಾಯಿತು, ವರ್ಷವೂ ಆಯಿತು, ಮಾವನಿಗೆ ಅದನ್ನು ಅಳಿಸುವ ಧೈರ್ಯ ಬರಲಿಲ್ಲ. ಅಳಿಸಿದರೆ ಹುಡುಗಿ ಮತ್ತೆ ಓಡಿಹೋದಾಳೆಂಬ ಭಯ.

ಮರುವರ್ಷ ಜೂನಿನಲ್ಲಿ ಹೊಸ ಹುಡುಗಿಯೊಬ್ಬಳು ಗೇಟಿನ ಸರಳು ಹಿಡಿದು ಒಂದೇ ಸಮನೆ ಅಳುತ್ತಿದ್ದಳು. ಹಲಗೆಯಲ್ಲಿ ಇನ್ನೊಬ್ಬ ಜೊತೆಗಾರನಿಗೆ ಜಾಗವಿರಲಿಲ್ಲ; ಮಾವ ಡಸ್ಟರು ಹಿಡಿದು ಅದರ ಮುಂದೆ ನಿಂತರು. ಕೈ ಮೇಲೇಳಲಿಲ್ಲ. ಹೊಸ ಹುಡುಗಿಯನ್ನು ನೋಡಿದರು, ದೇವಕ್ಕನನ್ನು ನೋಡಿದರು, ಮತ್ತೆ ಹಲಗೆ ನೋಡಿದರು.

ದೇವಕ್ಕ ಎದ್ದು ಬಂದು ಅವರ ಕೈಯಿಂದ ಡಸ್ಟರು ತೆಗೆದುಕೊಂಡಳು. ಬಾಲದಿಂದ ಶುರುಮಾಡಿ, ನಿಧಾನವಾಗಿ, ಬೆನ್ನು, ಹೊಟ್ಟೆ, ಕಾಲು ಎಲ್ಲ ಒರೆಸಿದಳು. ಮುಖದ ಹತ್ತಿರ ಬಂದಾಗ ಒಂದು ಗಳಿಗೆ ನಿಂತಳು. ಆಮೇಲೆ ಅದನ್ನೂ ಒರೆಸಿದಳು.

"ಆಕಿಗೆ ಆಡು ಅಂದ್ರ ಭಾಳ ಜೀವ ಅಂತ್ರಿ ಸರ," ಅಂದಳು. "ಆಡು ಬರೀರಿ."

ಮಾವ ನಮಗೆ ಬೆನ್ನು ತಿರುಗಿಸಿ ಬಹಳ ಹೊತ್ತು ಸೀಮೆಸುಣ್ಣ ಹುಡುಕಿದರು. ಅದು ಅವರ ಕೈಯಲ್ಲೇ ಇತ್ತು.