ಭೀಲರಿಗೇ ಕುಣಿತ ಕಲಿಸಲು ಹೋಗಿ

ಕುಣಿತದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಇದನ್ನು ಜಂಭವೆಂದು ತಿಳಿಯಬೇಡಿ, ಮಾಹಿತಿ ಎಂದು ತಿಳಿಯಿರಿ. ಕುವೈತಿನಲ್ಲಿದ್ದಾಗ ನಮ್ಮ ಕರಾವಳಿಯ ಕ್ಯಾಥೊಲಿಕರ ಮದುವೆ ರಿಸೆಪ್ಶನ್‌ಗಳಲ್ಲಿ ಮೈಕ್ ಹಿಡಿದು ಕಾರ್ಯಕ್ರಮ ನಡೆಸುತ್ತಿದ್ದವನು ನಾನೇ. ಹಗಲು ಏಸಿ ರಿಪೇರಿ, ಸಂಜೆ ಮೈಕ್. ಮದುಮಕ್ಕಳನ್ನು ಒಳಗೆ ಕರೆತರುವುದು, ಗ್ಲಾಸು ಎತ್ತಿಸಿ ಟೋಸ್ಟ್ ಹೇಳಿಸುವುದು, ಕುರ್ಚಿಗೆ ಅಂಟಿಕೊಂಡ ಮುದುಕರನ್ನೂ ಎಬ್ಬಿಸಿ ಸಾಲಾಗಿ ಕುಣಿಸುವುದು, ಎಲ್ಲವೂ ಈ ಬೊನಿಫಾಸನ ಕೈಯಲ್ಲಿತ್ತು. ಈಗ ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ಸ್ಕೂಲ್ ಬಸ್ ಓಡಿಸುತ್ತೇನೆ. ಮೈಕ್ ಹೋಯಿತು, ಗಂಟಲು ಹೋಗಿಲ್ಲ!

ನನ್ನ ತಂಗಿಯ ಮಗಳು ಅನಿಷಾ ಇಲ್ಲೇ ಮಾಡ್ಬರಿಯ ಆಸ್ಪತ್ರೆಯಲ್ಲಿ ನರ್ಸ್. ಅಪ್ಪನಿಲ್ಲದ ಹುಡುಗಿ, ಹಾಗಾಗಿ ಅವಳ ಕಡೆಗೆ ಹಿರಿಯ ಅಂದರೆ ನಾನೇ. ಅವಳು ಮೆಚ್ಚಿದ ಹುಡುಗ ವಿಜಯ್ ಪರ್ತಿನಲ್ಲಿ ಗಣಿ ಕಂಪನಿಯ ಜಿಯಾಲಜಿಸ್ಟ್. ಮಧ್ಯಪ್ರದೇಶದ ಝಾಬುವಾ ಕಡೆಯ ಭೀಲ್ ಬುಡಕಟ್ಟಿನವನು. ಅಜ್ಜನ ಕಾಲದಿಂದ ಚರ್ಚಿಗೆ ಹೋಗುವ ಮನೆತನ. ಹುಡುಗ ಚಿನ್ನದಂಥವನು, ನನಗಂತೂ ಯಾವ ತಕರಾರೂ ಇರಲಿಲ್ಲ.

ನಿಶ್ಚಿತಾರ್ಥಕ್ಕೆ ಇನ್ನೂ ಒಂದು ತಿಂಗಳಿದ್ದಾಗ ಅನಿಷಾ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದಳು.

"ಮಾಮ, ವಿಜಯ್‌ನ ದಾದಿ, ಅಂದ್ರೆ ಅಪ್ಪನ ಅಮ್ಮ, ಊರಿಂದ ಬಂದಿದ್ದಾರೆ. ಅವರು ಒಂದೇ ಒಂದು ಕೇಳಿದ್ದಾರೆ."

"ಬಂಗಾರವಾ?" ಎಂದು ನನ್ನ ಹೆಂಡತಿ ಜೆಸಿಂತಾ ಅಡಿಗೆಮನೆಯಿಂದಲೇ ಕೇಳಿದಳು. ಅವಳು ಮೈಸೂರಿನವಳು. ನಮ್ಮ ಮನೆಯಲ್ಲಿ ಪ್ರಾರ್ಥನೆ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ.

"ಅಲ್ಲ ಮಾಮಿ, ಡ್ಯಾನ್ಸ್. ಸಂಬಂಧ ಗಟ್ಟಿ ಆದಾಗ ಅವರಲ್ಲಿ ಡೋಲು ಬಡೀತಾರೆ. ಎರಡೂ ಕಡೆಯವರು ಒಬ್ಬರ ಸೊಂಟ ಒಬ್ಬರು ಹಿಡ್ಕೊಂಡು ಒಂದೇ ವೃತ್ತದಲ್ಲಿ ಕುಣೀಬೇಕು. ದಾದಿಗೆ ಅದೇ ಎಂಗೇಜ್‌ಮೆಂಟ್. ಉಂಗುರ, ಕೇಕು ಎಲ್ಲ ಅವರಿಗೆ ಲೆಕ್ಕಕ್ಕೇ ಇಲ್ಲ."

ಆಮೇಲೆ ಅವಳ ದನಿ ಸಣ್ಣದಾಯಿತು. ವಿಜಯ್‌ನ ಅಣ್ಣನ ನಿಶ್ಚಿತಾರ್ಥ ಯಾವುದೋ ದೊಡ್ಡ ಊರಿನ ಹೋಟೆಲಿನಲ್ಲಿ ನಡೆದಿತ್ತಂತೆ. ಡೋಲು ಶುರುವಾದಾಗ ಹೆಣ್ಣಿನ ಕಡೆಯವರು ಒಬ್ಬರೂ ಏಳಲಿಲ್ಲ. ಕುರ್ಚಿಯಲ್ಲಿ ಕೂತು ಫೋನ್ ಎತ್ತಿ ವಿಡಿಯೊ ಮಾಡಿದರಂತೆ. "ನಮ್ಮನ್ನು ಸಿನಿಮಾ ನೋಡಿದ ಹಾಗೆ ನೋಡಿದರು" ಎಂದು ದಾದಿ ಈಗಲೂ ಹೇಳುತ್ತಾರಂತೆ.

"ನಮ್ಮ ಕಡೆಯವ್ರು ಹಾಗೆ ಮಾಡಿದ್ರೆ ನಾನು ಆ ಮನೇಲಿ ಹೇಗೆ ಮುಖ ತೋರಿಸ್ಲಿ ಮಾಮ? ಪ್ಲೀಸ್, ಸುಮ್ನೆ ಬಂದು ಅವರ ಜೊತೆ ಹೆಜ್ಜೆ ಹಾಕಿ. ಕಲಿಯೋಕೆ ಏನೂ ಇಲ್ಲ."

ಕಲಿಯೋಕೆ ಏನೂ ಇಲ್ಲ! ಒಬ್ಬ ಕಲಾವಿದನ ಮುಂದೆ ಆಡುವ ಮಾತೇ ಇದು?

"ಮಗಳೇ, ನೀನು ನಿಶ್ಚಿಂತೆಯಾಗಿರು. ಅಡಿಲೇಡಿನಿಂದ ಒಂದು ತಂಡವನ್ನೇ ತಯಾರು ಮಾಡ್ತೀನಿ. ದಾದಿ ಬೆರಗಾಗಿಬಿಡ್ಬೇಕು!"

"ರೀ, ಅವಳು ಕೇಳಿದ್ದು ಸುಮ್ನೆ ಬನ್ನಿ ಅಂತ" ಎಂದಳು ಜೆಸಿಂತಾ. ಸುಮ್ಮನೆ ಬರುವುದು ಹೇಗೆಂದು ನನಗೆ ಹುಟ್ಟಿನಿಂದಲೇ ಗೊತ್ತಿಲ್ಲ.

ಮರುದಿನವೇ ವಿಜಯ್‌ಗೆ ಫೋನ್ ಮಾಡಿ, ಕುವೈತಿನಲ್ಲಿ ಕಲಿತ ನನ್ನ ಘನವಾದ ಹಿಂದಿಯಲ್ಲಿ ವಿಷಯ ತಿಳಿಸಿದೆ. ಪಾಪ, ಅವನು ಒಪ್ಪಿಕೊಂಡ. ಭಾನುವಾರ ವಿಡಿಯೊ ಕಾಲ್. ಪರ್ತಿನ ಬೆಂಟ್ಲಿಯ ಬಾಡಿಗೆ ಮನೆಯ ಹಿತ್ತಲಲ್ಲಿ, ಬಟ್ಟೆ ಒಣಗಿಸುವ ಹಗ್ಗದ ಮುಂದೆ ನಿಂತು, ಫೋನನ್ನು ಕಸದ ಡಬ್ಬಿಗೆ ಒರಗಿಸಿ, ಡೋಲಿನ ರೆಕಾರ್ಡಿಂಗ್ ಹಾಕಿಕೊಂಡು ಅವನು ಕುಣಿದ. ನಾನು ಅವನನ್ನು ಟಿವಿಯ ಮೇಲೆ ಬರಿಸಿ, ರೆಕಾರ್ಡ್ ಬಟನ್ ಒತ್ತಿ, ಸ್ಫೂರ್ತಿ ತಡೆಯಲಾರದೆ ನಾನೂ ಕುಣಿದೆ. ವೃತ್ತಾಕಾರದ ಕುಣಿತವಾದ್ದರಿಂದ ಅರ್ಧ ಹೊತ್ತು ಟಿವಿಗೆ ನನ್ನ ಬೆನ್ನಿತ್ತು, ನನ್ನದೇ ಕೂಗಿನಲ್ಲಿ ಡೋಲೂ ಸರಿಯಾಗಿ ಕೇಳಿಸಲಿಲ್ಲ. ಮುಗಿದ ಮೇಲೆ "ವಾಹ್!" ಎಂದು ಕೂಗಿ ಕಾಲ್ ಕಟ್ ಮಾಡಿದೆ.

ಸಂಜೆ ರೆಕಾರ್ಡಿಂಗ್ ಹಾಕಿ ಅಧ್ಯಯನಕ್ಕೆ ಕೂತೆ. ಡೋಲು, ಹೆಜ್ಜೆ, ನಡುನಡುವೆ "ಕುರ್ರ್ರ್" ಎಂದು ನಾಲಿಗೆ ಅದುರಿಸುವ ಉದ್ದನೆಯ ಕೇಕೆ. ಎರಡನೇ ಸಲ ಕೇಕೆ ಹಾಕಿದ ವಿಜಯ್ ಒಮ್ಮೆಲೇ ನಿಂತ! ಎಡಗಾಲು ಎತ್ತಿದ್ದು ಎತ್ತಿದ್ದಂತೆ, ಬಾಯಿ ತೆರೆದದ್ದು ತೆರೆದಂತೆ. ಡೋಲೂ ನಿಂತಿತು. ಪೂರ್ಣ ಮೌನ. ಆಮೇಲೆ ಎಲ್ಲ ಮತ್ತೆ ಧಡಕ್ಕನೆ ಶುರುವಾಯಿತು. ನನಗೆ ಮೈಯೆಲ್ಲ ರೋಮಾಂಚನ!

"ನೋಡಿದ್ಯಾ ಜೆಸಿಂತಾ, ಎಂಥ ಕಂಟ್ರೋಲು! ಕಣ್ಣು ಕೂಡ ಮಿಟುಕಿಸ್ತಿಲ್ಲ."

ಅವಳು ಕನ್ನಡಕ ಏರಿಸಿ ನೋಡಿದಳು. "ಹಿಂದೆ ಒಣಗಾಕಿರೋ ಬನಿಯನ್ನೂ ಅಲ್ಲಾಡ್ತಿಲ್ವಲ್ಲ ರೀ."

"ಗಾಳಿ ನಿಂತಿದೆ."

"ಸದಾ ಗಾಳಿ ಬೀಸೋ ಪರ್ತಿನಲ್ಲಾ?"

ಕಲೆಯ ಗಂಧಗಾಳಿ ಇಲ್ಲದವರ ಜೊತೆ ವಾದ ಮಾಡಬಾರದೆಂದು ವಿಡಿಯೊವನ್ನು ಮತ್ತೆ ಮೊದಲಿನಿಂದ ಹಾಕಿದೆ.

ನಮ್ಮ ಗ್ಯಾರೇಜಿನಲ್ಲಿ ತಾಲೀಮು ಶುರುವಾಯಿತು. ಎಂಟು ಜೋಡಿಗಳು. ಎಲ್ಲರೂ ನನ್ನ ವಯಸ್ಸಿನವರು, ಮೊಣಕಾಲು ಇದ್ದವರಿಗಿಂತ ಮೊಣಕಾಲು ನೋವು ಇದ್ದವರೇ ಹೆಚ್ಚು. ಹೆಜ್ಜೆಗಳೇನೋ ಸುಲಭವಾಗಿ ಬಂದವು. ತೊಂದರೆಯಾದದ್ದು ಒಂಟಿಕಾಲಿನ ನಿಲುಗಡೆಯಲ್ಲಿ. ಎಷ್ಟು ಹೊತ್ತು ನಿಲ್ಲಬೇಕೆಂದು ಯಾರಿಗೂ ಅಂದಾಜು ಸಿಗುತ್ತಿರಲಿಲ್ಲ. ಅದಕ್ಕೂ ಉಪಾಯ ಹುಡುಕಿದವನು ನಾನೇ. ವಿಡಿಯೊ ಜೊತೆ ತಾಳೆ ನೋಡಿದರೆ ಸರಿಯಾಗಿ ಒಂದು ನಮಾನ್ ಮೊರಿಯೆ, ಅಂದರೆ ಮರಿಯಮ್ಮನವರಿಗೆ ಮಾಡುವ ನಮ್ಮ ಕೊಂಕಣಿ ಪ್ರಾರ್ಥನೆ, ಒಂದು ಸಲ ಹೇಳಿ ಮುಗಿಸುವಷ್ಟು ಹೊತ್ತು. "ಎರಡನೇ ಕೇಕೆಗೆ ನಿಲ್ಲಿ, ಮನಸ್ಸಿನಲ್ಲೇ ನಮಾನ್ ಮೊರಿಯೆ ಹೇಳಿ, ಆಮೇನ್ ಅಂದ ಕೂಡಲೇ ಹೊರಡಿ!" ಎಂದು ಆಜ್ಞೆ ಹೊರಡಿಸಿದೆ.

ಗೆಳೆಯ ಆಲ್ವಿನ್ ಎರಡು ಸಲ ಬಿದ್ದ. ಮೂರನೇ ಸಲ ಮೀನಿನ ಫ್ರೀಜರಿಗೆ ಆತುಕೊಂಡು, "ಬೊನಿ, ಇಲ್ಲಿ ಯಾಕೆ ನಿಲ್ಬೇಕು ಮಾರಾಯ?" ಎಂದ.

ಗೊತ್ತಿಲ್ಲ ಎಂದು ಹೇಳುವ ಅಭ್ಯಾಸ ನನಗಿಲ್ಲ. "ಬೇಟೆಗಾರನಿಗೆ ಕಾಡಿನಲ್ಲಿ ಜಿಂಕೆ ಕಾಣಿಸೋ ಕ್ಷಣ ಇದು. ಸದ್ದಾದ್ರೆ ಜಿಂಕೆ ಓಡಿಹೋಗುತ್ತೆ. ಹುಡುಗಿಯೂ ಹಾಗೇ ಅಲ್ವಾ?" ಎಂದೆ. ಅದು ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬಂದದ್ದು. ಮುಂದಿನ ಭಾನುವಾರದ ಹೊತ್ತಿಗೆ ಅದನ್ನು ನಾನೇ ಪೂರ್ತಿ ನಂಬಿದ್ದೆ.

ನಿಶ್ಚಿತಾರ್ಥದ ದಿನ ಬಂತು. ಅಡಿಲೇಡಿನ ಹಾಲ್‌ಗೆ ಪರ್ತಿನಿಂದ ವಿಜಯ್, ದಾದಿ, ನೆಂಟರು ಬಂದರು. ಬ್ರಿಸ್ಬೇನಿನಿಂದ ಅವನ ಕಾಕಾ, ಹೆಗಲಿಗೆ ದೊಡ್ಡ ಡೋಲು. ದಾದಿ ಒಣಗಿದ ಸಣ್ಣ ಜೀವ. ಸೀರೆಯ ಮೇಲೆ ಸ್ವೆಟರ್, ಕಾಲಲ್ಲಿ ಬೆಳ್ಳಿ ಕಡಗ. ಅವರ ಕಣ್ಣು ಮಾತ್ರ ನಮ್ಮ ಕಡೆಯ ಕುರ್ಚಿಗಳ ಸಾಲಿನ ಮೇಲೇ ಇತ್ತು. ಅನಿಷಾ ನನ್ನನ್ನು ನೋಡಿದಳು. ನಾನು ಹೆಬ್ಬೆರಳು ಎತ್ತಿದೆ.

ಉಂಗುರ ತೊಡಿಸಿದ್ದಾಯಿತು, ಕೇಕ್ ಕತ್ತರಿಸಿದ್ದಾಯಿತು. ಎಷ್ಟೋ ವರ್ಷಗಳ ಮೇಲೆ ನನ್ನ ಕೈಗೆ ಮೈಕ್ ಬಂತು. ಎರಡು ಮಾತು ಹೇಳಿ ಸಾಕು ಎಂದು ಜೆಸಿಂತಾ ಕಣ್ಣಲ್ಲೇ ಎಚ್ಚರಿಸಿದಳು. ನಾನು ಭೀಲರ ಇತಿಹಾಸ, ಬೇಟೆ, ಜಿಂಕೆ, ಪ್ರಾಚೀನ ಮೌನ ಎಲ್ಲವನ್ನೂ ಸಭೆಗೆ ವಿವರಿಸಿದೆ. ಭೀಲರು ಬಹಳ ಆಸಕ್ತಿಯಿಂದ ಕೇಳಿದರು. ಅವರಿಗೆ ಅದೆಲ್ಲ ಹೊಸ ವಿಷಯವಾಗಿತ್ತು!

ಡೋಲು ಗುಡುಗಿತು. ನಮ್ಮ ಎಂಟೂ ಜೋಡಿ ಎದ್ದು ನಿಂತಾಗ ದಾದಿಯ ಮುಖ ಅರಳಿದ್ದನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ. ಅವರ ಕಡೆಯವರೊಬ್ಬರು, ನಮ್ಮ ಕಡೆಯವರೊಬ್ಬರು, ಹೀಗೆ ಸೊಂಟ ಹಿಡಿದು ಒಂದೇ ವೃತ್ತವಾಯಿತು. ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ. ಅನಿಷಾ ನಗುತ್ತಿದ್ದಳು. ಕಾಕಾ ಒಂದು ಸಲ ಕೇಕೆ ಹಾಕಿದರು.

ಎರಡನೇ ಸಲ ಹಾಕಿದರು.

ಅಡಿಲೇಡ್ ಒಂಟಿಕಾಲಿನಲ್ಲಿ ನಿಂತಿತು!

ಪರ್ತೂ ಬ್ರಿಸ್ಬೇನೂ ನಿಲ್ಲಲಿಲ್ಲ. ಹಿಂದಿನವರು ಮುಂದಿನವರಿಗೆ ಡಿಕ್ಕಿ ಹೊಡೆದರು, ಸೊಂಟ ಹಿಡಿದವರು ಪಕ್ಕದವರನ್ನು ಎಳೆದರು. ಆಲ್ವಿನ್ ತನ್ನ ಪದ್ಧತಿಯಂತೆ ಬಿದ್ದ, ಬೀಳುವಾಗ ಮೇಜಿನ ಬಟ್ಟೆ ಹಿಡಿದುಕೊಂಡ, ಬಟ್ಟೆಯ ಮೇಲೆ ಕೇಕ್ ಇತ್ತು. ಇಷ್ಟೆಲ್ಲ ಆಗುತ್ತಿದ್ದರೂ ನಾನು ಕಾಲು ಇಳಿಸಲಿಲ್ಲ. ನಮಾನ್ ಮೊರಿಯೆ ಇನ್ನೂ ಅರ್ಧ ಬಾಕಿ ಇತ್ತು. ನನ್ನ ತಲೆಯಲ್ಲಿದ್ದದ್ದು ಒಂದೇ ಯೋಚನೆ: ಅಯ್ಯೋ ಪಾಪ, ಊರು ಬಿಟ್ಟು ಬಂದು ಇವರು ತಮ್ಮದೇ ಕುಣಿತ ಮರೆತುಬಿಟ್ಟಿದ್ದಾರಲ್ಲ!

ಕುಣಿಯುವಾಗ ಕೊರಳಿಗೆ ನೇತುಹಾಕಿಕೊಂಡ ಮೈಕ್ ಇನ್ನೂ ಅಲ್ಲೇ ತೂಗುತ್ತಿತ್ತು. "ಗಂಡಿನ ಕಡೆಯವರು ದಯವಿಟ್ಟು ಇಲ್ಲಿ ನಿಲ್ಲಬೇಕು! ಇದು ನಿಮ್ಮದೇ ಪದ್ಧತಿ!" ಎಂದು ಘೋಷಿಸಿದೆ.

ಡೋಲು ನಿಂತಿತು. ಅನಿಷಾಳ ಮುಖ ಬಿಳಿಚಿಕೊಂಡಿತು. ನಾವು ತಮಾಷೆ ಮಾಡುತ್ತಿದ್ದೇವೆಂದು ದಾದಿ ತಿಳಿದರೆ ಎಂಬ ಭಯ ಆ ಮುಖದಲ್ಲಿ ಕಂಡಾಗ ಮಾತ್ರ ನನಗೆ ಎಚ್ಚರವಾಯಿತು. ಕುರ್ಚಿಯಲ್ಲಿ ಕೂತಿದ್ದರೂ ಇಷ್ಟು ಅನಾಹುತ ಆಗುತ್ತಿರಲಿಲ್ಲ. ಕಾಲು ಇಳಿಸೋಣವೆಂದರೆ ಗಾಬರಿಯಲ್ಲಿ ಅದೂ ಇಳಿಯಲಿಲ್ಲ. ತುಟಿ ಮಾತ್ರ ತನ್ನಷ್ಟಕ್ಕೆ ಅಲುಗುತ್ತಿತ್ತು.

ದಾದಿ ಕಡಗ ಸದ್ದು ಮಾಡುತ್ತ ನನ್ನ ಮುಂದೆ ಬಂದು ನಿಂತರು. ನನ್ನ ಬಾಯನ್ನೇ ದಿಟ್ಟಿಸಿದರು. ಆಮೇಲೆ ಜೆಸಿಂತಾಳ ಬಾಯನ್ನು, ನೆಲದ ಮೇಲಿದ್ದ ಆಲ್ವಿನ್ನನ ಬಾಯನ್ನು ನೋಡಿದರು. ತಮ್ಮ ಭೀಲಿ ಭಾಷೆಯಲ್ಲಿ ಏನೋ ಕೇಳಿದರು.

"ಅಂಕಲ್, ಏನು ಹೇಳ್ಕೊಳ್ತಿದ್ದೀರಿ ಅಂತ ಕೇಳ್ತಿದ್ದಾರೆ" ಎಂದ ವಿಜಯ್.

"ನಮಾನ್ ಮೊರಿಯೆ" ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ. "ಪ್ರಾರ್ಥನೆ. ಮರಿಯಮ್ಮನಿಗೆ."

ವಿಜಯ್ ಹೇಳಿದ್ದನ್ನು ಕೇಳಿ ದಾದಿ ತಲೆದೂಗಿದರು. ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ತೋಳು ಬಿಗಿಯಾಗಿ ಹಿಡಿದು, ನಿಧಾನವಾಗಿ, ಒಂದು ಕಾಲು ಮೇಲೆತ್ತಿದರು! ಅವರ ಹಿಂದೆಯೇ ಕಾಕಾ, ವಿಜಯ್, ಝಾಬುವಾದ ನೆಂಟರೆಲ್ಲ ಕಾಲೆತ್ತಿದರು. ಎಲ್ಲರೂ ತಮಗೆ ಬಂದ ಭಾಷೆಯಲ್ಲಿ ಆ ಪ್ರಾರ್ಥನೆ ಹೇಳಿದರು. ಆಮೇನ್ ಆದ ಕೂಡಲೇ ದಾದಿ ತಾವೇ ಕೇಕೆ ಹಾಕಿದರು ನೋಡಿ, ಕಿಟಕಿ ಗಾಜು ನಡುಗಿತು. ಮತ್ತೆ ಡೋಲು, ಮತ್ತೆ ವೃತ್ತ. ಅನಿಷಾ ಅಳುತ್ತಲೇ ಕುಣಿದಳು. ನಾನೂ ಅತ್ತೆ, ಮುಚ್ಚಿಡುವುದೇನಿದೆ.

ಊಟದ ಹೊತ್ತಿಗೆ ವಿಜಯ್ ನನ್ನ ಪಕ್ಕ ಬಂದು ಕೂತ. "ಅಂಕಲ್, ಮೈಕಿನಲ್ಲಿ ನೀವು ಬಾಯ್ತಪ್ಪಿ ನಮ್ಮದು ಅಂದ್ರಿ, ಆದ್ರೆ ನಿಮ್ಮ ಕಡೆಯ ಈ ಪ್ರಾರ್ಥನೆಯ ಪದ್ಧತಿ ತುಂಬಾ ಚೆನ್ನಾಗಿದೆ. ದಾದಿಗೆ ಬಹಳ ಇಷ್ಟ ಆಯ್ತು. ಮೊದಲೇ ಹೇಳಿದ್ರೆ ನಾವೂ ಪ್ರಾಕ್ಟೀಸ್ ಮಾಡ್ಕೊಂಡು ಬರ್ತಿದ್ವಿ."

"ನಮ್ಮ ಪದ್ಧತಿಯಾ? ನೀನೇ ಕಲಿಸಿದ್ದಲ್ವೇನಪ್ಪ!" ಎಂದು ಫೋನ್ ತೆಗೆದು ರೆಕಾರ್ಡಿಂಗ್ ತೋರಿಸಿದೆ.

ಅವನು ನೋಡಿದ. ಮತ್ತೊಮ್ಮೆ ನೋಡಿದ. ತಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. "ಅಂಕಲ್, ಇಲ್ಲಿ ನಿಮ್ಮ ಮನೆ ಇಂಟರ್ನೆಟ್ ಹೋಗಿದೆ. ನನ್ನ ಪಾಡಿಗೆ ನಾನು ಕುಣೀತಾನೇ ಇದ್ದೆ!"

ಮೋಡೆಮ್‌ನ ದೀಪ ಕಣ್ಣಿಗೆ ಚುಚ್ಚುತ್ತದೆಂದು ಅದನ್ನು ಗ್ಯಾರೇಜಿನ ಮೀನಿನ ಫ್ರೀಜರ್ ಹಿಂದೆ ಇಟ್ಟವನು ನಾನೇ. ಜೆಸಿಂತಾ ನನಗೆ ಇನ್ನೊಂದು ತುಂಡು ಚಿಕನ್ ಬಡಿಸುತ್ತ, "ಬನಿಯನ್ನಿಗೆ ಗೊತ್ತಿದ್ದದ್ದು ನಿಮಗೆ ಗೊತ್ತಾಗ್ಲಿಲ್ವಲ್ಲ ರೀ" ಎಂದಳು.

ದಾದಿಗೆ ಹೇಳಬೇಡವೆಂದು ವಿಜಯ್‌ನ ಕೈ ಹಿಡಿದು ಬೇಡಿಕೊಂಡೆ. ಅವನು ಅಲ್ಲೇ ಹೇಳಿದ. ದಾದಿ ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ನನ್ನ ತಲೆ ಸವರಿ, "ಇರಲಿ ಬಿಡು, ನೀವೆಲ್ಲ ಎದ್ದು ಬಂದಿರಲ್ಲ" ಎಂದರಂತೆ.

ಮದುವೆ ಬ್ರಿಸ್ಬೇನಿನಲ್ಲಿ, ಕಾಕಾನ ಊರಿನಲ್ಲಿ ಆಯಿತು. ದಾದಿಯ ಅಪ್ಪಣೆಯಂತೆ ಎರಡನೇ ಕೇಕೆಗೆ ಡೋಲು ನಿಲ್ಲುವುದು, ಎಲ್ಲರೂ ಒಂಟಿಕಾಲಿನಲ್ಲಿ ಮನಸ್ಸಿನಲ್ಲೇ ಪ್ರಾರ್ಥನೆ ಹೇಳುವುದು ಈಗ ಕುಣಿತದ ಭಾಗವಾಗಿತ್ತು. ಮೂರೂ ಊರಿನವರು ತಾಲೀಮು ಮಾಡಿಕೊಂಡು ಬಂದಿದ್ದರು. ಕುಣಿಯಲಾಗದೆ ಉಳಿದವನು ನಾನೊಬ್ಬನೇ. ಗ್ಯಾರೇಜಿನಲ್ಲಿ ಎಲ್ಲರಿಗೂ ತೋರಿಸಿ ತೋರಿಸಿ ನನ್ನ ಬಲಮೊಣಕಾಲು ಊದಿಕೊಂಡು, ಡಾಕ್ಟರು ನಿಲ್ಲಲೇಬಾರದು ಎಂದಿದ್ದರು. ದಾದಿ ತಾವೇ ಒಂದು ಕುರ್ಚಿ ತಂದು, ಗೋಡೆ ಪಕ್ಕ ಅಲ್ಲ, ಸರಿಯಾಗಿ ವೃತ್ತದ ನಡುವೆ ಇಟ್ಟು ಕೂರಿಸಿ, ಕೈಗೆ ಫೋನ್ ಕೊಟ್ಟರು. "ನೀನು ವಿಡಿಯೊ ಮಾಡು."

ಮಾಡಿದೆ, ಬಹಳ ಶ್ರದ್ಧೆಯಿಂದ ಮಾಡಿದೆ. ಎರಡನೇ ಕೇಕೆಯಾಯಿತು. ತಟ್ಟನೆ ಫೋನಿನಲ್ಲಿ ಎಲ್ಲ ನಿಂತುಹೋಯಿತು! ಕಾಲು ಎತ್ತಿದ್ದು ಎತ್ತಿದ್ದಂತೆ, ಡೋಲಿನ ಸದ್ದೂ ಇಲ್ಲ. ಆದರೆ ಈ ಸಲ ನಾನು ಮೋಸ ಹೋಗಲಿಲ್ಲ. ಒಮ್ಮೆ ಪೆಟ್ಟು ತಿಂದ ಮನುಷ್ಯ ನಾನು. ಫೋನ್ ಹ್ಯಾಂಗ್ ಆಗಿದೆ ಎಂದು ಆ ಕ್ಷಣವೇ ಪತ್ತೆಹಚ್ಚಿ, ತಲೆ ಎತ್ತಿಯೂ ನೋಡದೆ, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆ.

ಅದು ಆನ್ ಆಗುವಷ್ಟರಲ್ಲಿ ಎಲ್ಲರೂ ಊಟಕ್ಕೆ ಹೋಗಿದ್ದರು. ಅನಿಷಾಳ ಮದುವೆ ಕುಣಿತದ ವಿಡಿಯೊ ಬೇಕಾದವರು ದಯವಿಟ್ಟು ಬೇರೆ ಯಾರನ್ನಾದರೂ ಕೇಳಿಕೊಳ್ಳಬೇಕು.