ಮಾವನ ಕೆಮ್ಮನ್ನು ಕಾಮಗೆರೆಗೆ ಒಯ್ದದ್ದು

ಗಂಡಸರಿಗೆ ಕಾಯಿಲೆ ಬರುವುದಿಲ್ಲ. ಬಂದರೂ ಅದು ಕಾಯಿಲೆಯಲ್ಲ. ನೆನ್ನೆ ತಿಂದ ಹಲಸಿನ ತೊಳೆ, ಮೊನ್ನೆ ನೆನೆದ ಮಳೆ, ಅದೂ ಅಲ್ಲದಿದ್ದರೆ ಹೆಂಡತಿಯ ಮಾತು. ನಮ್ಮ ಕೊಳ್ಳೇಗಾಲ ಮದ್ರಾಸಿನವರ ಕೈಯಲ್ಲಿದೆ, ಪಕ್ಕದ ಯಳಂದೂರು ಮೈಸೂರಿನವರ ಕೈಯಲ್ಲಿದೆ. ಹಾಗಾಗಿ ಗುಟ್ಟಾಗಿ ಡಾಕ್ಟರಿಗೆ ತೋರಿಸಿಕೊಳ್ಳಬೇಕೆನ್ನುವ ನಮ್ಮ ಕಡೆಯ ಗಂಡಸು ಗಡಿ ದಾಟಿ ಯಳಂದೂರಿಗೆ ಹೋಗುತ್ತಾನೆ. ಅಲ್ಲಿಯ ಹೊನ್ನೂರಿನವನು ಅದೇ ಗುಟ್ಟು ಹೊತ್ತು ಕೊಳ್ಳೇಗಾಲಕ್ಕೆ ಬರುತ್ತಾನೆ. ದಾರಿಯಲ್ಲಿ ಇಬ್ಬರೂ ಎದುರಾದರೆ "ಎತ್ತು ನೋಡಕೆ ಒಂಟಿವ್ನಿ" ಎಂದು ಒಬ್ಬ, "ನಾನೂವೆ" ಎಂದು ಇನ್ನೊಬ್ಬ. ಎರಡು ಸರ್ಕಾರಗಳಿರುವುದರಿಂದ ಪ್ರಜೆಗಳಿಗೆ ಆಗಿರುವ ಉಪಕಾರ ನನಗೆ ತಿಳಿದಂತೆ ಇದೊಂದೇ.

ನಾನು ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯೊಂದರಲ್ಲಿ ನೂಲು ಸುತ್ತುವವನು. ಅದು ಹೊಟ್ಟೆಪಾಡು. ನನ್ನ ನಿಜವಾದ ಕಸುಬು ಅಣಕ. ಅದರಲ್ಲೂ ಮಾತಿನ ಅಣಕವಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ನಾನು ಮಾಡುವುದು ಕೆಮ್ಮು. ಮಗ್ಗದ ಯಜಮಾನರು ಕೆಲಸಗಾರರ ಹರಟೆಯ ನಡುವೆ ನುಗ್ಗುವ ಮುಂಚಿನ ಎಚ್ಚರಿಕೆಯ ಕೆಮ್ಮು, ಪಾಠ ಮರೆತ ಮೇಷ್ಟ್ರ ಕೆಮ್ಮು, ಬೀಗರ ಮನೆಯ ಬಾಗಿಲಲ್ಲಿ ಒಳಗೆ ಬರಲೇ ಎನ್ನುವ ಕೆಮ್ಮು, ಎಲ್ಲವೂ ನನ್ನ ಗಂಟಲಲ್ಲಿ ಸಾಲಾಗಿ ಕೂತಿವೆ. ಒಮ್ಮೆ ಹನೂರಿಗೆ ಹೆಣ್ಣು ನೋಡಲು ಹೋದಾಗ, ಹೆಣ್ಣಿನ ಅಪ್ಪ ಕೆಮ್ಮಿದ ತಕ್ಷಣ ನನ್ನ ಗಂಟಲು ತಾನಾಗಿಯೇ ಹಾಗೆಯೇ ಕೆಮ್ಮಿಬಿಟ್ಟಿತು. ಉಪ್ಪಿಟ್ಟು ತಿನ್ನುವ ಮೊದಲೇ ಆ ಸಂಬಂಧ ಮುಗಿಯಿತು.

ಇಂಥ ನನ್ನನ್ನು ಸಾಕಿದವರು ಮಧುವನಹಳ್ಳಿಯ ನನ್ನ ಸೋದರಮಾವ ಗುರುಸಿದ್ದಪ್ಪ. ಹೆಗಲ ಮೇಲೆ ನೊಗ ಇಟ್ಟರೆ ಎತ್ತಿಗೇ ನಾಚಿಕೆಯಾಗಬೇಕು, ಅಂಥ ಆಳು. ಕಳೆದ ಸುಗ್ಗಿಯಿಂದ ಅವರಿಗೆ ಕೆಮ್ಮು ಹಿಡಿಯಿತು. ಅತ್ತೆ ಆಸ್ಪತ್ರೆಯ ಹೆಸರೆತ್ತಿದರೆ ಸಾಕು, "ನಂಗೇನಾಗದೆ? ಗಂಟ್ಲಲ್ಲಿ ಒಸಿ ದೂಳು ಕುಂತದೆ" ಎಂದು ಹೊಲದ ಕಡೆ ಹೊರಟುಬಿಡುತ್ತಿದ್ದರು. ಸೊಂಟದ ಪಟ್ಟಿ ಮಾತ್ರ ತಿಂಗಳಿಗೊಂದು ತೂತು ಒಳಕ್ಕೆ ಹೋಗುತ್ತಿತ್ತು. ಅತ್ತೆ ಅಳತೊಡಗಿದ ದಿನ ಮಾವ ನನ್ನನ್ನು ಹಟ್ಟಿಯ ಹಿಂದಕ್ಕೆ ಕರೆದು, "ಲೇ, ಊರ್ನೋರ್ ಕೆಮ್ಮೆಲ್ಲ ಕೆಮ್ತೀಯಲ್ಲ, ನಂದ್ನೂ ಕಲ್ತಿದ್ದೀಯ ಅಲ್ವಾ ನೀನು? ಕಾಮಗೆರೆ ಆಸ್ಪತ್ರೆ ಡಾಕ್ಟ್ರ ಮುಂದೆ ಕೆಮ್ಮಿ, ಔಸ್ದಿ ತಕಂಡು ಬಾ. ಕಬ್ಗೆ ನೀರು ಕಟ್ಬೇಕು, ನಂಗೆ ಬುಡುವಿಲ್ಲ" ಎಂದರು.

ನಗಬೇಡಿ. ನಾನೂ ಹೋದೆ. ನನ್ನ ಕಲೆಗೆ ಸಿಕ್ಕ ಮೊದಲ ಸರಿಯಾದ ಸಭೆ ಅದು.

ಡಾಕ್ಟರು ಕೊಯಮತ್ತೂರಿನ ಕಡೆಯವರು, ಕನ್ನಡವನ್ನು ಒಂದೊಂದೇ ಹೆಜ್ಜೆ ಇಟ್ಟು ಮಾತಾಡುವವರು. ವಿಷಯ ಕೇಳಿ ಮೊದಲು ನಕ್ಕರು. ನಾನು ಎದ್ದು ನಿಂತು, ಮಾವನಂತೆ ಭುಜ ಇಳಿಬಿಟ್ಟು ಕೆಮ್ಮಿದೆ. ಅವರ ನಗು ನಿಂತಿತು. "ಇನ್ನೊಂದು ಸಲ" ಎಂದು ಕಣ್ಣು ಮುಚ್ಚಿಕೊಂಡು ಕೇಳಿದರು. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

"ಕೊನೆಯಲ್ಲಿ ಗುಟುಕ್ ಅಂತ ಒಂದು ಸದ್ದು ಮಾಡಿದಿ. ಅದು ನೀನು ಸೇರಿಸಿದ್ದಾ?"

"ಇಲ್ಲ ಸಾ. ಮಾವ ಅಂಗೇ ಮಾಡದು."

"ನುಂಗ್ತಾ ಇದ್ದಾರೆ" ಎಂದರು ಡಾಕ್ಟರು. "ರಕ್ತ ಇರಬೇಕು. ಮನೆಯವರಿಗೆ ಕಾಣಬಾರದು ಅಂತ."

ಎಂಟು ತಿಂಗಳಿಂದ ಜಗಲಿಯ ಮೇಲೆ ನಾನು ಆ ಗುಟುಕನ್ನು ಅಭ್ಯಾಸ ಮಾಡಿ, ಗೆಳೆಯರನ್ನು ನಗಿಸಿದ್ದೆ. ಅದರ ಅರ್ಥ ನನಗೆ ಗೊತ್ತಿರಲಿಲ್ಲ. ಡಾಕ್ಟರು ಔಷಧಿ ಕೊಡಲಿಲ್ಲ. "ಈ ಕೆಮ್ಮಿನ ಮನುಷ್ಯ ಬರಬೇಕು. ಹೊಸ ಸೂಜಿಮದ್ದು ಬಂದಿದೆ, ಬದುಕಬಹುದು. ಇನ್ನೊಂದು ತಿಂಗಳು ತಡವಾದರೆ ಕರೆದುಕೊಂಡು ಬರಲೇಬೇಡ" ಎಂದರು.

ಮಾವ ಇದನ್ನೆಲ್ಲ ಕೇಳಿ, "ನೀನು ಒಸಿ ಜಾಸ್ತಿ ಕೆಮ್ಮಿದ್ದೀಯ ಕಣ್ಲಾ. ನಿಂಗೆ ಏನ್ ಕೊಟ್ರೂ ದೊಡ್ದು ಮಾಡ್ತೀಯ" ಎಂದು ಬಿಟ್ಟರು. ಅವರ ಮಾತು ಕೇಳಿದಾಗ ಒಂದು ವಿಷಯ ಹೊಳೆಯಿತು. ಈ ಮನುಷ್ಯ ತನ್ನ ಕೆಮ್ಮನ್ನು ಒಳಗಿನಿಂದ ಕೇಳಿದ್ದಾರೆಯೇ ಹೊರತು, ನಾವು ಕೇಳುವಂತೆ ಹೊರಗಿನಿಂದ ಒಮ್ಮೆಯೂ ಕೇಳಿಲ್ಲ.

ಮರುದಿನ ಮಟಮಟ ಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇಲ್ಲ. ಅತ್ತೆ ಹೊಳೆಗೆ ಹೋಗಿದ್ದರು, ಮಾವ ಒಬ್ಬರೇ ಜಗಲಿಯ ಮೇಲೆ ಒರಗಿದ್ದರು. ನಾನು ಹಿತ್ತಲಿನಿಂದ ಒಳಗೆ ನುಸುಳಿ, ನಡುಮನೆಯ ಖಾಲಿ ಕಣಜದೊಳಕ್ಕೆ ಇಳಿದೆ. ಬಿದಿರಿನ ಆ ದೊಡ್ಡ ಬುಟ್ಟಿಯ ಹೊಟ್ಟೆಯಲ್ಲಿ ಹಳೆಯ ರಾಗಿಯ ವಾಸನೆ, ಕತ್ತಲು, ನನ್ನ ಉಸಿರೂ ಬೇರೆ ಯಾರದೋ ಎನ್ನುವಂತೆ ಕೇಳುತ್ತಿತ್ತು. ಕೆಮ್ಮಿದೆ. ಕೊನೆಯ ಗುಟುಕನ್ನೂ ಬಿಡಲಿಲ್ಲ. ಹೊರಗೆ ಜಗಲಿಯ ಮೇಲೆ ಚಾಪೆ ಸರಿದ ಸದ್ದಾಯಿತು. ಎರಡನೆಯ ಸಲ ಕೆಮ್ಮಿದೆ. "ಯಾವನ್ಲಾ ಅದು?" ಎಂದ ಮಾವನ ದನಿಯಲ್ಲಿ ಬೈಗುಳ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ. ಮೂರನೆಯ ಸಲ ಕೆಮ್ಮಿ, ಬಂದ ದಾರಿಯಲ್ಲೇ ಓಡಿ, ಬೀದಿ ಸುತ್ತಿ, ಏನೂ ತಿಳಿಯದವನಂತೆ ಮುಂಬಾಗಿಲಿಗೆ ಬಂದೆ.

ಮಾವ ನಡುಮನೆಯ ಹೊಸ್ತಿಲಲ್ಲಿ ನಿಂತಿದ್ದರು. ಮುಖ ಬೂದಿ ಬಳಿದಂತಿತ್ತು.

"ಲೇ, ನಾನು ಬಾಯಿ ಮುಚ್ಕಂಡಿವ್ನಿ. ನನ್ ಕೆಮ್ಮು ಒಳ್ಗೆ ಕೆಮ್ತಾ ಅದೆ. ನಾಕು ಸಲ ಕೆಮ್ತು."

"ಮೂರು ಸಲ ಇರಬೈದು ಮಾವ" ಎಂದು ನಾಲಗೆ ಕಚ್ಚಿಕೊಂಡೆ. ನನಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ.

"ನಾಕು. ಕೊನೇದು ನಾನು ಇಲ್ಲಿ ಬಂದು ನಿಂತ್ಮೇಲೆ. ನೋಡು, ಕಣಜ ಖಾಲಿ ಅದೆ. ಕೆಮ್ಮು ನನ್ನ ಬುಟ್ಟು ಮುಂಚಿತ್ವಾಗಿ ಓಗಿ ಕುಂತದೆ ಕಣ್ಲಾ, ಜಾಗ ಇಡ್ಕಳಕೆ." ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, "ಗಾಡಿ ಕಟ್ಟು" ಎಂದರು.

ನಾನು ಕೆಮ್ಮಿದ್ದು ಮೂರೇ ಸಲ, ಬೇಕಾದರೆ ದೇವರ ಮುಂದೆ ದೀಪ ಆರಿಸಿ ಆಣೆ ಮಾಡುತ್ತೇನೆ. ಗಾಡಿ ಕಟ್ಟುವಾಗ ನಾನು ಎಡಗಡೆಯ ಎತ್ತನ್ನು ಬಲಗಡೆಗೆ ಹೂಡಿದ್ದು ಎತ್ತುಗಳಿಗೆ ಮಾತ್ರ ಗೊತ್ತಾಯಿತು.

ಹೊಳೆಯಿಂದ ಬಂದ ಅತ್ತೆಯೂ ಗಾಡಿ ಹತ್ತಿದರು. ಆಸ್ಪತ್ರೆಯಲ್ಲಿ ಮಾವನಿಗೆ ಮಂಚ ಸಿಕ್ಕಿತು. ಸುತ್ತ ಐದಾರು ಗಂಡಸರು, ಎಲ್ಲರೂ ಇನ್ಯಾರನ್ನೋ ನೋಡಲು ಬಂದು ಅಲ್ಲೇ ಮಲಗಿದವರಂತೆ ಮುಖ ಮಾಡಿಕೊಂಡಿದ್ದರು. ಇದು ಕ್ಷಯ, ಒಂದೆರಡು ದಿನದ್ದಲ್ಲ, ಅದರ ಜೊತೆ ವರ್ಷಗಟ್ಟಲೆ ಸಂಸಾರ ಮಾಡಬೇಕು ಎಂದರು ಡಾಕ್ಟರು. ಮಾವ ಅತ್ತೆಯನ್ನು ಹತ್ತಿರ ಕರೆದು, "ನಿಂಗೆ ಒಂದು ಯೋಳ್ಲಿಲ್ಲ. ಕೆಮ್ದಾಗ ರಕ್ತ ಬತ್ತಿತ್ತು" ಎಂದರು.

"ಗೊತ್ತು" ಎಂದರು ಅತ್ತೆ. "ನಿಮ್ ಟವಲು ಒಗೆಯೋಳು ಯಾರು?"

"ಮತ್ಯಾಕೆ ಸುಮ್ಕಿದ್ದೆ?"

"ನೀವು ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರಿ."

ಮಾವ ನಗಲು ಹೋಗಿ ಕೆಮ್ಮಿದರು. ಉಗುಳುವ ಬಟ್ಟಲನ್ನು ಅತ್ತೆಯೇ ಹಿಡಿದರು, ಮಾವ ನುಂಗಲಿಲ್ಲ. ನಾನು ಅಳು ಬಂದದ್ದನ್ನು ತೋರಿಸಲಾರದೆ ಪಡಸಾಲೆಗೆ ಓಡಿದೆ. ಅಲ್ಲಿ ಕಂಬಕ್ಕೆ ಒರಗಿ ನಿಂತವನಿಗೆ ಕೆಮ್ಮು ಬಂತು. ಒಣ ಕೆಮ್ಮು, ಚಿಕ್ಕದು, ಎದೆಯ ತಳದಿಂದ ಎದ್ದದ್ದು. ಒಂದು, ಎರಡು, ನಿಲ್ಲಲಿಲ್ಲ.

ಡಾಕ್ಟರು ಬಾಗಿಲಿನಿಂದ ತಲೆ ಹೊರಹಾಕಿದರು. "ಇದು ಯಾರದಪ್ಪ ಈಗ?"

ಹೇಳೋಣವೆಂದು ಬಾಯಿ ತೆರೆದೆ. ಯಜಮಾನರದ್ದೇ? ಅಲ್ಲ. ಮೇಷ್ಟ್ರದ್ದು? ಅಲ್ಲ. ಮಾವನದಂತೂ ಅಲ್ಲವೇ ಅಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಊರುಗಳ ಗಂಟಲುಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ತಡಕಿದೆ. ನನಗೆ ಗೊತ್ತಿರುವ ಯಾವ ಮನುಷ್ಯನೂ ಹಾಗೆ ಕೆಮ್ಮುವುದಿಲ್ಲ.

"ಎತ್ತು ಬಿಸಿಲಲ್ಲಿ ನಿಂತವೆ, ನೋಡ್ಕಂಡು ಬತ್ತೀನಿ ಸಾ" ಎಂದು ಹೇಳಿ, ಅಲ್ಲಿಂದ ಜಾರಿಕೊಂಡೆ.